ನನಗೆ ಬಂದ ಅನ್ಯಭಾಷೆ, ಅಮ್ಮ ಕೊಯ್ದ ಕೋಳಿ

ಹೋದ ದಸರಾ ರಜೆಗೆ ಒಂದು ವಾರ ಮುಂಚೆ ಅಕ್ಕನ ಮಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂಗಾರಪೇಟೆಯಿಂದ ಊರಿಗೆ ಬರುತ್ತಿದ್ದೆ. ಎಂಟನೇ ಕ್ಲಾಸಿನ ಹುಡುಗ. ಬೇರೆ ದಿನವಾದರೆ ಕ್ರಿಕೆಟ್ಟು, ಮೊಬೈಲು ಅಂತ ಬಾಯಿ ಮುಚ್ಚುವುದಿಲ್ಲ. ಅವತ್ತು ಸುಮ್ಮನೆ ಕೂತಿದ್ದ. ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಬೈಕು ಆಫ್ ಮಾಡಿದ ಮೇಲೆ ಕೇಳಿದ.

"ಮಾಮ, ಕಾಯೋ ಕೂಟದಲ್ಲಿ ನನಗೆ ಬರಲಿಲ್ಲ ಅಂದ್ರೆ ಏನು ಮಾಡ್ತಾರೆ?"

ಏನು ಬರಲಿಲ್ಲ ಅಂದರೆ ಎಂದು ನಾನು ತಿರುಗಿ ಕೇಳಲಿಲ್ಲ. 22 ವರ್ಷದ ಹಿಂದೆ ಇದೇ ಪ್ರಶ್ನೆ ನನ್ನ ಹೊಟ್ಟೆಯಲ್ಲೂ ಕೂತಿತ್ತು. ಅವತ್ತು ಕೇಳುವುದಕ್ಕೆ ನನಗೊಬ್ಬ ಮಾಮ ಇರಲಿಲ್ಲ. ಅದಕ್ಕೇ ನಾನೊಂದು ಕೆಲಸ ಮಾಡಿಬಿಟ್ಟೆ. ಅದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಗೊತ್ತಿಲ್ಲದವರಿಗೆ ಮೊದಲು ಇಷ್ಟು ಹೇಳಿಬಿಡುತ್ತೇನೆ. ನಾನು ಬೆಳೆದದ್ದು ಒಂದು ಪೆಂಟೆಕೋಸ್ಟ್ ಸಭೆಯಲ್ಲಿ. ಅಲ್ಲಿ ಪ್ರಾರ್ಥನೆ ಜೋರಾದಾಗ ಕೆಲವರ ಬಾಯಿಂದ ಯಾರಿಗೂ ಅರ್ಥವಾಗದ ಮಾತು ಬರುತ್ತದೆ. ಕನ್ನಡವಲ್ಲ, ತಮಿಳಲ್ಲ, ತೆಲುಗಲ್ಲ, ಇಂಗ್ಲಿಷೂ ಅಲ್ಲ. ಅದಕ್ಕೆ ಅನ್ಯಭಾಷೆ ಅನ್ನುತ್ತಾರೆ. ಪವಿತ್ರಾತ್ಮ ಮನುಷ್ಯನ ಮೇಲೆ ಇಳಿದು ಅವನ ನಾಲಿಗೆಯಿಂದ ಮಾತಾಡಿಸುತ್ತದೆ ಎಂಬುದು ನಂಬಿಕೆ. ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಭಾಗದ 2ನೇ ಅಧ್ಯಾಯದಲ್ಲಿ ಇದರ ಮೂಲ ಇದೆ. ಯೆರೂಸಲೇಮಿನಲ್ಲಿ ಹಬ್ಬದ ದಿನ ಯೇಸುವಿನ ಶಿಷ್ಯರು ಕಲಿಯದ ಭಾಷೆಗಳಲ್ಲಿ ಮಾತಾಡಿದರಂತೆ, ಬೇರೆ ಬೇರೆ ದೇಶದಿಂದ ಬಂದವರಿಗೆ ಅದು ತಂತಮ್ಮ ಭಾಷೆಯಾಗಿ ಕೇಳಿಸಿತಂತೆ. ಆ ಹಬ್ಬದ ಹೆಸರೇ ಪೆಂಟೆಕೋಸ್ಟ್.

ಎಲ್ಲ ಕ್ರೈಸ್ತರೂ ಇದನ್ನು ಮಾಡುವುದಿಲ್ಲ. ಆದರೆ ಬಹಳ ಪೆಂಟೆಕೋಸ್ಟ್ ಸಭೆಗಳಲ್ಲಿ ಇದೊಂದು ಗುರುತು. ಅನ್ಯಭಾಷೆ ಬಂದರೆ ನಿನಗೆ ಅಭಿಷೇಕವಾಗಿದೆ, ಬರದಿದ್ದರೆ ಇನ್ನೂ ಆಗಿಲ್ಲ.

ನಮ್ಮ ಮನೆಗೆ ಇದು ಬಂದದ್ದು ಅಪ್ಪ ಹೋದ ಮೇಲೆ. ಅಪ್ಪ ಕೆಜಿಎಫ್ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. 2001ರ ಫೆಬ್ರುವರಿ ಕೊನೆಗೆ ಗಣಿ ಮುಚ್ಚಿತು. ಆಮೇಲೆ ನಮ್ಮ ಕಡೆಯ ಎಷ್ಟೋ ಜನರ ಹಾಗೆ ಅಪ್ಪನೂ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ವಾಚ್‌ಮನ್ ಕೆಲಸಕ್ಕೆ ಹೋಗತೊಡಗಿದರು. ಒಂದೂವರೆ ವರ್ಷ ಓಡಾಡಿದರು. ಒಂದು ರಾತ್ರಿ ಡ್ಯೂಟಿಯಲ್ಲೇ ಎದೆನೋವು ಬಂತು. ಮನೆಗೆ ಬಂದದ್ದು ಹೆಣ.

ಅಮ್ಮ ಅಳಲಿಲ್ಲ. ಮಣ್ಣು ಮಾಡುವಾಗಲೂ ಅಳಲಿಲ್ಲ, ತಿಥಿಯ ದಿನವೂ ಅಳಲಿಲ್ಲ. ಕೂಲಿಗೆ ಹೋಗುತ್ತಿದ್ದಳು, ಬರುತ್ತಿದ್ದಳು, ಮುದ್ದೆ ತೊಳಸುತ್ತಿದ್ದಳು, ಮಾತಿಲ್ಲ. ಪಕ್ಕದ ಬೀದಿಯ ಒಬ್ಬ ಅಕ್ಕ ಬಂದು ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಕರೆದುಕೊಂಡು ಹೋದರು. ಶೀಟು ಹೊದೆಸಿದ ಒಂದು ಉದ್ದನೆಯ ರೂಮು, ಚಾಪೆ, ಒಂದು ಡ್ರಮ್ಮು. ಮೂರನೇ ಶುಕ್ರವಾರವೋ ನಾಲ್ಕನೆಯದೋ ಅಮ್ಮ ಬಾಯಿ ಬಿಟ್ಟಳು. ಮೊದಲು ಅಳು, ಆಮೇಲೆ ಅಳುವಿನ ಒಳಗಿಂದಲೇ ಮಾತು. ನನಗೆ ಅರ್ಥವಾಗದ ಮಾತು. ನಾನು ಪಕ್ಕದಲ್ಲೇ ಇದ್ದೆ. ಹೆದರಿ ಅಕ್ಕನ ಕೈ ಹಿಡಿದುಕೊಂಡೆ. ಆದರೆ ಅವತ್ತು ರಾತ್ರಿ ಅಮ್ಮ ನಮ್ಮಿಬ್ಬರ ಹೆಸರು ಹಿಡಿದು ಕರೆದು ಅನ್ನ ಬಡಿಸಿದಳು. ಎಷ್ಟೋ ದಿನದ ಮೇಲೆ.

ಇದನ್ನು ಯಾಕೆ ಮೊದಲೇ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಹೇಳುವುದನ್ನು ಓದಿ ಯಾರೂ ನಮ್ಮಮ್ಮನನ್ನು ನೋಡಿ ನಗಬಾರದು.

2003ರ ದಸರಾ ರಜೆ. ಸಭೆಯಲ್ಲಿ ಯೌವನಸ್ಥರಿಗೆ ಮೂರು ದಿನದ ಕಾಯುವ ಕೂಟ. ಕಾಯುವುದು ಅಂದರೆ ಅಭಿಷೇಕಕ್ಕಾಗಿ ಕಾಯುವುದು. ನಾವು ಒಂಬತ್ತು ಜನ ಹುಡುಗ ಹುಡುಗಿಯರು. ನನಗೆ 14. ಮೊದಲ ರಾತ್ರಿ ನಾಲ್ಕು ಜನಕ್ಕೆ ಬಂತು. ಎರಡನೇ ರಾತ್ರಿ ಹನ್ನೊಂದು ಗಂಟೆ ಹೊತ್ತಿಗೆ ಎಂಟು ಜನಕ್ಕೆ ಬಂದಾಗಿತ್ತು. ಉಳಿದವನು ನಾನೊಬ್ಬ.

ಎಲ್ಲರೂ ನನ್ನ ಸುತ್ತ ಸೇರಿದರು. ಪಾಸ್ಟರ್ ತಲೆಯ ಮೇಲೆ ಕೈ ಇಟ್ಟರು. "ಹಲ್ಲೆಲೂಯ ಅನ್ನು, ಬೇಗ ಬೇಗ ಅನ್ನು, ನಾಲಿಗೆಯನ್ನ ಬಿಟ್ಟುಕೊಡು, ತಡೀಬೇಡ" ಅಂದರು. ಹೇಳಿದೆ. ನಾಲಿಗೆ ಒಣಗುವಷ್ಟು ಹೊತ್ತು ಹೇಳಿದೆ. ಏನೂ ಬರಲಿಲ್ಲ. "ಒಳಗೆ ಏನೋ ಅಡ್ಡಿ ಇದೆ, ಪಾಪ ಇದ್ದರೆ ಒಪ್ಪಿಕೋ" ಅಂದರು. ಅಂಗಡಿಯಲ್ಲಿ ಕದ್ದ ಎರಡು ಮಿಠಾಯಿ ನೆನಪಿಗೆ ಬಂತು. ಒಪ್ಪಿಕೊಂಡೆ. ಆದರೂ ಬರಲಿಲ್ಲ.

ಕಣ್ಣು ಸ್ವಲ್ಪ ತೆರೆದೆ. ಹಿಂದೆ ಗೋಡೆ ಹತ್ತಿರ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಮಗನಿಗೆ ಮಾತ್ರ ಯಾಕೆ ಬರಲಿಲ್ಲ ಅನ್ನುವ ಮುಖ. ಅಪ್ಪನ ಹೆಣದ ಮುಂದೆ ಅಳದವಳು ಅಲ್ಲಿ ಅಳುತ್ತಿದ್ದಳು.

ನಾನು ಕಣ್ಣು ಮುಚ್ಚಿ ಶುರು ಮಾಡಿದೆ. ಶ, ಬ, ಲ, ರ, ಕ. ಪಕ್ಕದ ಅಣ್ಣ ಪ್ರಾರ್ಥನೆಯಲ್ಲಿ ಅನ್ನುತ್ತಿದ್ದುದನ್ನು ಸ್ವಲ್ಪ, ತೆಲುಗಿನ ರಾಗ ಸ್ವಲ್ಪ, ರೈಲಿನಲ್ಲಿ ಕೇಳಿದ ಹಿಂದಿಯ ಏರಿಳಿತ ಸ್ವಲ್ಪ. ಅರ್ಧ ನಿಮಿಷ ಆಗಿರಬೇಕು. ಡ್ರಮ್ಮು ಬಡಿದರು, ಚಪ್ಪಾಳೆ ತಟ್ಟಿದರು, ಸ್ತೋತ್ರ ಸ್ತೋತ್ರ ಅಂದರು. ಅಮ್ಮ ಬಂದು ನನ್ನನ್ನು ತಬ್ಬಿಕೊಂಡಳು.

ಭಾನುವಾರ ಆರಾಧನೆ ಮುಗಿದ ಮೇಲೆ ಅಮ್ಮ ಸಭೆಗೆಲ್ಲ ಊಟ ಹಾಕಿದಳು. ಮನೆಯಲ್ಲಿ ಇದ್ದದ್ದೇ ಮೂರು ನಾಟಿ ಕೋಳಿ, ಅದರಲ್ಲಿ ಎರಡು ಕೊಯ್ದಳು. ಒಂದು ಮೊಟ್ಟೆ ಇಡುವ ಕೋಳಿ. ನನ್ನ ತಟ್ಟೆಗೆ ಕಾಲಿನ ತುಂಡು ಹಾಕಿದಳು. ಅದು ಗಂಟಲಲ್ಲಿ ಇಳಿದ ಬಗೆ ನನಗೆ ಇವತ್ತಿಗೂ ನೆನಪಿದೆ.

ಸುಳ್ಳು ಒಂದು ರಾತ್ರಿಗೆ ಮುಗಿಯಲಿಲ್ಲ. ಬಂದವನಿಗೆ ಮತ್ತೆ ಬರಬೇಕಲ್ಲ. ಪ್ರತಿ ಶುಕ್ರವಾರ, ಪ್ರತಿ ಭಾನುವಾರ. ಐದು ವರ್ಷ ಮಾಡಿದೆ. ಮೊದಮೊದಲು ಬೆವರು ಬರುತ್ತಿತ್ತು. ಆಮೇಲೆ ಸಲೀಸಾಯಿತು. ಕೆಲವು ಸಲ ಡ್ರಮ್ಮಿನ ಹೊಡೆತಕ್ಕೆ ನಾನೇ ಮೈಮರೆತು, ಇದು ನಿಜವೇ ಇರಬಹುದೇನೋ ಅನಿಸಿದ್ದೂ ಉಂಟು. ಅದನ್ನೂ ಮುಚ್ಚಿಡುವುದಿಲ್ಲ.

ಪಿಯುಸಿ ಮುಗಿಸಿ ಪತ್ರಿಕೋದ್ಯಮ ಡಿಪ್ಲೊಮಾಕ್ಕೆ ಸೇರಿದ ಮೇಲೆ ಸಭೆಗೆ ಹೋಗುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ಜಗಳ ಮಾಡಿಕೊಂಡು ಬಿಟ್ಟವನಲ್ಲ. ನಮಗೆ ಪಾಠ ಮಾಡುತ್ತಿದ್ದ ಮೇಷ್ಟ್ರು ಯಾವ ಸುದ್ದಿ ತಂದರೂ ಎರಡೇ ಪ್ರಶ್ನೆ ಕೇಳುತ್ತಿದ್ದರು. ಹೇಳಿದವರು ಯಾರು? ಅವರಿಗೆ ಹೇಗೆ ಗೊತ್ತು? ಆ ಪ್ರಶ್ನೆ ಕಲಿತ ಮೇಲೆ ಭಾನುವಾರ ಕೂತುಕೊಳ್ಳುವುದು ಕಷ್ಟವಾಯಿತು.

ನಮ್ಮ ಸಭೆಯನ್ನು ಬಿಟ್ಟವರು ನಾನೊಬ್ಬನೇ ಅಲ್ಲ. ಬಂಗಾರಪೇಟೆ ಸ್ಟೇಷನ್ ಹತ್ತಿರ ಒಂದು ಟೀ ಅಂಗಡಿಯಲ್ಲಿ ನಾವು ಹಳಬರು ಆಗಾಗ ಸೇರುತ್ತೇವೆ. ಹುಡುಗ ಬೈಕಿನಲ್ಲಿ ಆ ಪ್ರಶ್ನೆ ಕೇಳಿದ ವಾರವೇ ನಾನು ಮೂವರನ್ನು ಕೂರಿಸಿಕೊಂಡು ನೇರವಾಗಿ ಕೇಳಿದೆ. ನಿಮಗೆ ಬಂದದ್ದು ನಿಜವೇ?

ಮೊದಲು ಮಾತಾಡಿದ್ದು ಟೈಲರಿಂಗ್ ಮಾಡುವ ಒಬ್ಬ ಅಕ್ಕ. "ನನಗೆ ಬರಲೇ ಇಲ್ಲ ಕಣಪ್ಪ. ಆರು ವರ್ಷ ಕಾದೆ. ನಿನ್ನ ಹಂಗೆ ಏನೋ ಒಂದು ಅಂದುಬಿಡೋಣ ಅಂದ್ರೆ ದೇವರ ಭಯ. ಬರದಿದ್ದಕ್ಕೆ ಪಾಪ ಇದೆ ಅಂದ್ರು. ಇಲ್ಲದ ಪಾಪ ಎಲ್ಲಿಂದ ತರಲಿ? ಕೊನೆಗೆ ಮಾಡದೆ ಇದ್ದದ್ದನ್ನೂ ಮಾಡಿದೀನಿ ಅಂತ ಒಪ್ಪಿಕೊಂಡೆ. ಅದು ನಮ್ಮೆಜಮಾನರ ಕಿವಿಗೆ ಬಿತ್ತು." ಅಷ್ಟು ಹೇಳಿ ಟೀ ಲೋಟ ತಿರುಗಿಸುತ್ತಾ ಕೂತರು. ಮುಂದಿನದನ್ನು ನಾವು ಯಾರೂ ಕೇಳಲಿಲ್ಲ.

ಎರಡನೆಯವನು ನನ್ನ ಜೊತೆಯವನೇ, ಒಂಬತ್ತು ಜನರಲ್ಲಿ ಒಬ್ಬ. ಅವನಿಗೆ ಅನ್ಯಭಾಷೆಯ ಅರ್ಥ ಹೇಳುವ ವರವಿದೆ ಎಂದು ಹೆಸರಾಗಿತ್ತು. ಯಾರಾದರೂ ಅನ್ಯಭಾಷೆ ಆಡಿದ ಮೇಲೆ ಅವನು ಎದ್ದು ಕನ್ನಡದಲ್ಲಿ ಹೇಳುತ್ತಿದ್ದ. "ಬೆಳಗ್ಗೆ ಪಾಸ್ಟರ್ ಏನು ಪ್ರಸಂಗ ಮಾಡಿದ್ರೋ ಅದನ್ನೇ ತಿರುಗಿಸಿ ಹೇಳ್ತಿದ್ದೆ. ಒಂದು ದಿನ ನೀನು ಆಡಿದ್ದಕ್ಕೂ ಅರ್ಥ ಹೇಳಿದೀನಿ, ಜ್ಞಾಪಕ ಇದೆಯಾ?" ಅಂದ. ಇತ್ತು. ನಾನು ಸುಮ್ಮನೆ ಕಲೆಸಿದ ಅಕ್ಷರಗಳಿಗೆ ಅವನು, ಬರಗಾಲ ಕಳೆದು ಮಳೆ ಬರುತ್ತದೆ ಎಂದು ಅರ್ಥ ಹೇಳಿದ್ದ. ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಇಬ್ಬರಿಗೂ ನಾಚಿಕೆಯಾಯಿತು. ಅವತ್ತು ಆ ಮಾತು ಕೇಳಿ ಬಿತ್ತನೆಗೆ ಸಾಲ ಮಾಡಿದವರೂ ಇದ್ದಿರಬಹುದು.

ಮೂರನೆಯವರು ಆಟೋ ಓಡಿಸುವ ಅಣ್ಣ. ಅವರು ಸಭೆ ಬಿಟ್ಟದ್ದು ಕಾಣಿಕೆ ಲೆಕ್ಕದ ವಿಚಾರಕ್ಕೆ. "ನಿಮ್ಮದು ಸುಳ್ಳು ಇರಬಹುದು. ನಂದು ಸುಳ್ಳಲ್ಲ. ಈಗಲೂ ರಾತ್ರಿ ಖಾಲಿ ಗಾಡಿ ಓಡಿಸಿಕೊಂಡು ಬರುವಾಗ ಬರುತ್ತೆ. ಯಾರ ಮುಂದೆ ನಾಟಕ ಮಾಡ್ಲಿ ಅಲ್ಲಿ?" ಅಂದರು. ಅದಕ್ಕೂ ನನ್ನ ಹತ್ತಿರ ಉತ್ತರವಿರಲಿಲ್ಲ.

ದೂರದಲ್ಲೂ ಹೀಗೆಯೇ ಆಗಿದೆ. ಅಮೆರಿಕದ ಓಹಾಯೊ ರಾಜ್ಯದಲ್ಲಿ ದಿ ವೇ ಇಂಟರ್‌ನ್ಯಾಷನಲ್ ಎಂಬ ಒಂದು ಗುಂಪಿದೆ. ವಿಕ್ಟರ್ ಪಾಲ್ ವಿಯರ್‌ವಿಲ್ ಎಂಬವರು ಕಟ್ಟಿದ್ದು. ಅವರು 12 ಪಾಠಗಳ ಒಂದು ಕ್ಲಾಸು ನಡೆಸುತ್ತಿದ್ದರು. ಕೊನೆಯ ಪಾಠದಲ್ಲಿ ಕೂತವರೆಲ್ಲ ಅನ್ಯಭಾಷೆ ಆಡಬೇಕು. 1985ರಲ್ಲಿ ಅವರು ತೀರಿಕೊಂಡ ಮೇಲೆ ಗುಂಪು ಒಡೆದು ಬಹಳ ಜನ ಹೊರಬಂದರು. ಹೊರಬಂದವರಲ್ಲಿ ಕೆಲವರು ನಾವೇ ಕಲೆಸಿ ಆಡುತ್ತಿದ್ದೆವು ಅನ್ನುತ್ತಾರೆ. ಕೆಲವರು ಗುಂಪು ಸುಳ್ಳಾದರೂ ಭಾಷೆ ನಿಜ ಅನ್ನುತ್ತಾರೆ. ಕೆಲವರಿಗೆ ತಮ್ಮದು ಯಾವುದು ಎಂದೇ ತಿಳಿಯುವುದಿಲ್ಲ. ನಮ್ಮ ಟೀ ಅಂಗಡಿಯ ಬೆಂಚಿನ ಮೇಲೆ ಕೂತವರೂ ಅವರ ಹಾಗೆಯೇ.

ಈಗ ಮೇಷ್ಟ್ರ ಎರಡನೇ ಪ್ರಶ್ನೆ. ಹೇಗೆ ಗೊತ್ತು?

ಈ ಕಾಲದ ಪೆಂಟೆಕೋಸ್ಟ್ ಚಳವಳಿ ಶುರುವಾದದ್ದು ಅಮೆರಿಕದಲ್ಲಿ. 1901ರ ಜನವರಿ 1ರಂದು ಕ್ಯಾನ್ಸಸ್ ರಾಜ್ಯದ ಟೊಪೀಕಾ ಊರಿನ ಒಂದು ಬೈಬಲ್ ಶಾಲೆಯಲ್ಲಿ ಆಗ್ನೆಸ್ ಓಜ್ಮನ್ ಎಂಬ ವಿದ್ಯಾರ್ಥಿನಿಗೆ ಅನ್ಯಭಾಷೆ ಬಂತು. ಅದು ಚೀನೀ ಭಾಷೆ ಎಂದು ಅಲ್ಲಿದ್ದವರು ನಂಬಿದರು. ಆ ಶಾಲೆ ನಡೆಸುತ್ತಿದ್ದ ಚಾರ್ಲ್ಸ್ ಪಾರ್ಹಮ್, ಇನ್ನು ಮಿಷನರಿಗಳು ಭಾಷೆ ಕಲಿಯುವ ಕಷ್ಟವೇ ಇಲ್ಲ, ದೇವರೇ ಕೊಡುತ್ತಾನೆ ಅಂದರು. 1906ರಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ವಿಲಿಯಂ ಸೀಮೋರ್ ಎಂಬ ಕಪ್ಪು ಜನಾಂಗದ ಬೋಧಕರು ನಡೆಸಿದ ಕೂಟಗಳಿಂದ ಇದು ಲೋಕಕ್ಕೆಲ್ಲ ಹಬ್ಬಿತು. ಸೀಮೋರರ ತಂದೆ ತಾಯಿ ಗುಲಾಮರಾಗಿದ್ದವರು.

ಅಲ್ಲಿಂದ ಹೊರಟ ಆಲ್ಫ್ರೆಡ್ ಗಾರ್, ಲಿಲಿಯನ್ ಗಾರ್ ಎಂಬ ದಂಪತಿ ನಮ್ಮ ದೇಶಕ್ಕೇ ಬಂದರು. ಆಲ್ಫ್ರೆಡ್ ತನಗೆ ಬಂದದ್ದು ಬಂಗಾಳಿ ಎಂದು ನಂಬಿದ್ದರು. 1907ರ ಹೊತ್ತಿಗೆ ಕಲ್ಕತ್ತಾದಲ್ಲಿದ್ದರು. ಅಲ್ಲಿನ ಜನಕ್ಕೆ ಅವರ ಬಂಗಾಳಿ ಒಂದಕ್ಷರವೂ ಅರ್ಥವಾಗಲಿಲ್ಲ. ಮುಂದೆ ಅವರು ಹಾಂಗ್‌ಕಾಂಗಿಗೆ ಹೋದಾಗ ಎಲ್ಲರ ಹಾಗೆ ಕೂತು ಚೀನೀ ಭಾಷೆ ಕಲಿಯಬೇಕಾಯಿತು. ಆದರೆ ಅನ್ಯಭಾಷೆಯನ್ನು ಅವರು ಬಿಡಲಿಲ್ಲ. ಅದು ಊರಿನ ಜನಕ್ಕೆ ಸಾರುವ ಭಾಷೆಯಲ್ಲ, ದೇವರೊಡನೆ ಆಡುವ ಮಾತು ಅಂದರು. ಇವತ್ತು ನಮ್ಮ ಸಭೆಗಳಲ್ಲಿ ಹೇಳುವುದೂ ಅದೇ, ಪರಲೋಕದ ಭಾಷೆ ಎಂದು. ಬಂಗಾಳಿ ಅಂದಿದ್ದರೆ ಬಂಗಾಳದವರನ್ನು ಕೇಳಬಹುದಿತ್ತು. ಪರಲೋಕದ್ದು ಅಂದ ಮೇಲೆ ಯಾರನ್ನು ಕೇಳುವುದು?

ಆದರೂ ಕೇಳಿದವರಿದ್ದಾರೆ. ಟೊರಾಂಟೊ ವಿಶ್ವವಿದ್ಯಾಲಯದ ಭಾಷಾ ವಿಜ್ಞಾನಿ ವಿಲಿಯಂ ಸಮರಿನ್ ಹಲವು ದೇಶಗಳ ಅನ್ಯಭಾಷೆಯನ್ನು ಧ್ವನಿಮುದ್ರಿಸಿ ಪರೀಕ್ಷೆ ಮಾಡಿ 1972ರಲ್ಲಿ ಪುಸ್ತಕ ಬರೆದರು. ಮಾತಾಡುವವನಿಗೆ ಮೊದಲೇ ಗೊತ್ತಿರುವ ಭಾಷೆಗಳ ಸದ್ದುಗಳೇ ಅದರಲ್ಲಿ ಬರುತ್ತವೆ, ಏರಿಳಿತ ಭಾಷೆಯಂತೆಯೇ ಇರುತ್ತದೆ, ಆದರೆ ಪದ, ವ್ಯಾಕರಣ, ಅರ್ಥ ಎಂಬ ಕಟ್ಟು ಇಲ್ಲ ಎಂದು ತೋರಿಸಿದರು. ಅದೇ ವರ್ಷ ಜಾನ್ ಕಿಲ್ಡಾಲ್ ಎಂಬ ಮನಃಶಾಸ್ತ್ರಜ್ಞರ ಪುಸ್ತಕವೂ ಬಂತು. ಅವರು ಒಂದೇ ಟೇಪನ್ನು ಅರ್ಥ ಹೇಳುವ ವರ ಇರುವ ಬೇರೆ ಬೇರೆಯವರಿಗೆ ಕೇಳಿಸಿದರು. ಒಬ್ಬರು ಮಕ್ಕಳ ಆರೋಗ್ಯಕ್ಕಾಗಿ ಮಾಡಿದ ಪ್ರಾರ್ಥನೆ ಅಂದರು. ಇನ್ನೊಬ್ಬರು ಚರ್ಚಿಗೆ ಹಣ ಕೂಡಿಬಂದದ್ದಕ್ಕೆ ವಂದನೆ ಅಂದರು. ನಮ್ಮ ಹುಡುಗನ ಮಳೆಯ ಕತೆ ನೆನಪಾಗಿ ನಾನು ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ.

ಇದನ್ನು ಕಲಿಸಬಹುದೇ ಎಂದೂ ನೋಡಿದ್ದಾರೆ. 1986ರಲ್ಲಿ ನಿಕೊಲಸ್ ಸ್ಪಾನೋಸ್ ಎಂಬವರು ಕೆನಡಾದಲ್ಲಿ 60 ಜನರಿಗೆ ಒಂದು ನಿಮಿಷದ ಅನ್ಯಭಾಷೆ ಕೇಳಿಸಿ, ನೀವೂ ಆಡಿ ಅಂದರು. ಐವರಲ್ಲಿ ಒಬ್ಬರು ಕೇಳಿದ ಮಾತ್ರಕ್ಕೆ ಸರಾಗವಾಗಿ ಆಡಿದರು. ಸ್ವಲ್ಪ ತರಬೇತಿ ಕೊಟ್ಟವರಲ್ಲಿ 100ಕ್ಕೆ 70ರಷ್ಟು ಜನ ಆಡಿದರು. ದೇವರೂ ಬೇಡ, ದೆವ್ವವೂ ಬೇಡ, ನಾಲಿಗೆಗೆ ರೂಢಿಯಾದರೆ ಸಾಕು.

ನಾನೂ ಒಂದು ಪರೀಕ್ಷೆ ಮಾಡಿದೆ. ರೂಮಿನ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ರೆಕಾರ್ಡ್ ಒತ್ತಿ ನನ್ನ ಹಳೆಯ ಅನ್ಯಭಾಷೆ ಆಡಿದೆ. ಸಭೆ ಬಿಟ್ಟು ಎಷ್ಟೋ ವರ್ಷವಾಗಿದೆ, ಆದರೂ ಬಂತು. ಸೈಕಲ್ ಕಲಿತವನಿಗೆ ಮರೆಯುವುದಿಲ್ಲವಲ್ಲ, ಹಾಗೆ. ಆಮೇಲೆ ಕೇಳಿಸಿಕೊಂಡು ಒಂದೊಂದೇ ಸದ್ದನ್ನು ಬರೆದುಕೊಂಡೆ. ಕನ್ನಡ, ತೆಲುಗು, ತಮಿಳಿನಲ್ಲಿ ಇಲ್ಲದ ಒಂದು ಸದ್ದೂ ಇರಲಿಲ್ಲ. ಅದೇ ಎಂಟು ಹತ್ತು ಅಕ್ಷರಗಳು ಹಿಂದೆ ಮುಂದೆ ಆಗಿ ಬರುತ್ತಿದ್ದವು. ಕೋಲಾರ ಜಿಲ್ಲೆಯವನ ಪರಲೋಕದ ಭಾಷೆಯಲ್ಲಿ ಕೋಲಾರ ಜಿಲ್ಲೆಯ ಸದ್ದುಗಳೇ ಇದ್ದವು.

ಇನ್ನೊಂದನ್ನೂ ಹೇಳಬೇಕು, ಇಲ್ಲದಿದ್ದರೆ ಆಟೋ ಅಣ್ಣನಿಗೆ ಅನ್ಯಾಯ. 2006ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಂಡ್ರ್ಯೂ ನ್ಯೂಬರ್ಗ್ ಎಂಬ ವೈದ್ಯರು ಐದು ಹೆಂಗಸರು ಅನ್ಯಭಾಷೆ ಆಡುವಾಗ ಅವರ ಮೆದುಳಿನ ಸ್ಕ್ಯಾನ್ ಮಾಡಿದರು. ಭಕ್ತಿಗೀತೆ ಹಾಡುವಾಗ ಇದ್ದದ್ದಕ್ಕಿಂತ ಆಗ ಮೆದುಳಿನ ಮುಂಭಾಗದ ಕೆಲಸ ಕಡಿಮೆಯಾಗಿತ್ತು. ನಾವು ಬೇಕೆಂದು ಮಾಡುವ ಕೆಲಸಕ್ಕೆ ಹಿಡಿತ ಕೊಡುವ ಭಾಗ ಅದು. ನಾನೇ ಆಡಿಸುತ್ತಿಲ್ಲ, ತಾನಾಗಿ ಬರುತ್ತಿದೆ ಅಂತ ಅವರು ಹೇಳುವುದು ಸುಳ್ಳಲ್ಲ ಎಂದಾಯಿತು. ಐದೇ ಜನರ ಪರೀಕ್ಷೆ, ದೇವರು ಇದ್ದಾನೆ ಇಲ್ಲ ಎಂಬುದನ್ನು ಅದು ಹೇಳುವುದಿಲ್ಲ. ಆದರೆ ಎಲ್ಲರೂ ನನ್ನ ಹಾಗೆ ನಾಟಕ ಮಾಡುತ್ತಾರೆ ಅನ್ನುವುದಕ್ಕೂ ಬರುವುದಿಲ್ಲ.

ಹಾಗಾದರೆ ನನ್ನ ತಕರಾರು ಏನು? ಭಾಷೆಯ ಮೇಲಲ್ಲ. ಅದನ್ನು ಪರೀಕ್ಷೆ ಮಾಡಿ, ಪಾಸು ಫೇಲು ಮಾಡಿ, 14 ವರ್ಷದ ಮಕ್ಕಳನ್ನು ಮಧ್ಯರಾತ್ರಿ ಸುತ್ತುವರಿದು ನಿಲ್ಲುವುದರ ಮೇಲೆ. ಬೈಬಲಿನಲ್ಲೇ ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 12 ಮತ್ತು 14ನೇ ಅಧ್ಯಾಯ ತೆಗೆದು ನೋಡಿ. ತಾನು ಎಲ್ಲರಿಗಿಂತ ಹೆಚ್ಚು ಅನ್ಯಭಾಷೆ ಆಡುತ್ತೇನೆ ಅನ್ನುವ ಮನುಷ್ಯ ಅವನು. ಅವನೇ, ಎಲ್ಲರಿಗೂ ಇದು ಬರುತ್ತದೆಯೇ ಎಂದು ಕೇಳುತ್ತಾನೆ. ಸಭೆಯಲ್ಲಿ ಇಬ್ಬರು ಮೂವರಿಗಿಂತ ಹೆಚ್ಚು ಜನ ಆಡಬಾರದು, ಅದೂ ಒಬ್ಬೊಬ್ಬರಾಗಿ, ಅರ್ಥ ಹೇಳುವವರು ಇಲ್ಲದಿದ್ದರೆ ಸುಮ್ಮನಿರಬೇಕು ಅನ್ನುತ್ತಾನೆ.

ನಮ್ಮ ದೇಶದಲ್ಲಿ ಇದು ದೊಡ್ಡದಾಗಿ ಕಾಣಿಸಿದ ಜಾಗಗಳಲ್ಲಿ ಒಂದು ಪುಣೆ ಹತ್ತಿರ ಕೇಡಗಾಂವ್‌ನ ಮುಕ್ತಿ ಮಿಷನ್. ಅದನ್ನು ಕಟ್ಟಿದವರು ಪಂಡಿತಾ ರಮಾಬಾಯಿ. ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. 1905ರಲ್ಲಿ ಮುಕ್ತಿಯಲ್ಲಿ ಜೋರಾದ ಪ್ರಾರ್ಥನೆ ಶುರುವಾಗಿ, ಮುಂದೆ ಅಲ್ಲಿನ ವಿಧವೆಯರು, ಅನಾಥ ಹುಡುಗಿಯರು ಅನ್ಯಭಾಷೆ ಆಡಿದರು. ರಮಾಬಾಯಿ ಅದನ್ನು ತಳ್ಳಿಹಾಕಲಿಲ್ಲ. ಆದರೆ ಬೈಬಲನ್ನು ಸುಲಭ ಮರಾಠಿಗೆ ತರಬೇಕು ಅನಿಸಿದಾಗ ಭಾಷೆ ಮೇಲಿಂದ ಇಳಿಯಲಿ ಎಂದು ಅವರು ಕಾಯಲಿಲ್ಲ. ಹೀಬ್ರೂ, ಗ್ರೀಕ್ ಕಲಿತು ವರ್ಷಗಟ್ಟಲೆ ಕೂತು ಅನುವಾದ ಮಾಡಿದರು. 1922ರಲ್ಲಿ ತೀರಿಕೊಳ್ಳುವ ಸ್ವಲ್ಪ ಮುಂಚೆ ಆ ಕೆಲಸ ಮುಗಿಯಿತು.

ಇಷ್ಟೆಲ್ಲ ಗೊತ್ತಿದ್ದೂ ಇಷ್ಟು ವರ್ಷ ಯಾಕೆ ಬರೆಯಲಿಲ್ಲ? ಅದಕ್ಕೆ ಕಾರಣವಿದೆ. ಎರಡು ವರ್ಷದ ಹಿಂದೆ ಪಕ್ಕದ ತಾಲ್ಲೂಕಿನ ಒಂದು ಊರಲ್ಲಿ ಮನೆಯೊಳಗಿನ ಪ್ರಾರ್ಥನೆಗೆ ನುಗ್ಗಿ ಗಲಾಟೆ ಮಾಡಿದರು. ಸುದ್ದಿಗೆ ನಾನೇ ಹೋಗಿದ್ದೆ. ಬೈಬಲ್ಲುಗಳು ಚರಂಡಿಯಲ್ಲಿ ಬಿದ್ದಿದ್ದವು. ನಮ್ಮಮ್ಮನ ವಯಸ್ಸಿನ ಒಬ್ಬ ಹೆಂಗಸಿನ ಹಣೆಯಲ್ಲಿ ರಕ್ತ. ನುಗ್ಗಿದ ಗುಂಪಿನ ಒಬ್ಬ ನನ್ನ ಹಿನ್ನೆಲೆ ಗೊತ್ತಿದ್ದವನು, ಸಂಜೆ ಫೋನ್ ಮಾಡಿದ. "ನೀನು ಒಳಗಿದ್ದವನು. ಅದೆಲ್ಲ ನಾಟಕ, ಬಡಬಡಿಕೆ ಅಂತ ಒಂದು ಬರಿ. ದೊಡ್ಡದಾಗಿ ಹಾಕಿಸೋಣ" ಅಂದ. ನಾನು ಬರೆಯಲಿಲ್ಲ. ನನ್ನ ಸುಳ್ಳು ನನ್ನದು. ಅದನ್ನು ಕಲ್ಲು ಮಾಡಿ ಅವನ ಕೈಗೆ ಕೊಡಲು ನನಗೆ ಮನಸ್ಸು ಬರಲಿಲ್ಲ. ಊರ ಜಾತ್ರೆಯಲ್ಲಿ ಗಂಗಮ್ಮ ಮೈಮೇಲೆ ಬಂದವರಿಗೆ ನಾವು ಮಂಗಳಾರತಿ ಎತ್ತುತ್ತೇವೆ, ಯಾರೂ ಹೋಗಿ ತಲೆ ಒಡೆಯುವುದಿಲ್ಲವಲ್ಲ.

ಆದರೆ ಹುಡುಗ ರೈಲ್ವೆ ಗೇಟಿನಲ್ಲಿ ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನಾನು ಬಾಯಿ ಮುಚ್ಚಿಕೊಂಡರೆ ಅವನು ನನ್ನ ಹಾಗೆಯೇ ಬಾಯಿ ತೆರೆಯುತ್ತಾನೆ.

ಆ ಶನಿವಾರ ರಾತ್ರಿ ಊಟವಾದ ಮೇಲೆ ಅಮ್ಮನಿಗೆ ಹೇಳಿಬಿಟ್ಟೆ. ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. "ಅಮ್ಮ, ಆವತ್ತು ನನಗೆ ಬಂದಿರಲಿಲ್ಲ. ನಾನೇ ಕಲೆಸಿ ಆಡಿದ್ದೆ" ಅಂದೆ. ಯಾವತ್ತು ಅಂತ ಅವಳೂ ಕೇಳಲಿಲ್ಲ.

ಕೈ ನಿಂತಿತು. ಬಹಳ ಹೊತ್ತಾದ ಮೇಲೆ ಅಂದಳು, "ಮೊಟ್ಟೆ ಕೋಳಿ ಕೊಯ್ದಿದ್ದೆನಲ್ಲೋ ಆವತ್ತು."

ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ಮಲಗಿಬಿಟ್ಟಳು. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ ಬೆಳಗ್ಗೆ ಕಾಫಿ ತಂದಿಟ್ಟು ಅಲ್ಲೇ ನಿಂತಳು.

"ನಿಂದು ಸುಳ್ಳು ಆಗಿರಬಹುದು. ನಂದು ಅಲ್ಲ. ನಿಮ್ಮಪ್ಪ ಹೋದಾಗ ನನಗೆ ಕನ್ನಡದಲ್ಲಿ ಅಳೋಕೆ ಬರಲಿಲ್ಲ. ಅದು ಯಾವ ಭಾಷೆಯೋ ಏನೋ, ಅದರಲ್ಲಿ ಬಂತು. ಅದನ್ನ ಮಾತ್ರ ಸುಳ್ಳು ಅನ್ನಬೇಡ."

"ಅನ್ನಲ್ಲಮ್ಮ" ಅಂದೆ.

"ಆವತ್ತು ಬರಲಿಲ್ಲ ಅಂತ ಹೇಳಿದ್ರೆ ನಾನೇನು ಹೊಡೀತಿದ್ನಾ?"

"ನೀನು ಅಳ್ತಿದ್ದೆ."

ಅಮ್ಮ ಏನೂ ಅನ್ನಲಿಲ್ಲ. ಒಳಗೆ ಹೋದವಳು ಮತ್ತೆ ಬಾಗಿಲಿಗೆ ಬಂದು ಕೇಳಿದಳು, "ಮಗು ಏನಾದ್ರೂ ಕೇಳ್ತಾ ನಿನ್ನ?" ಹುಡುಗ ಕೇಳಿದ್ದನ್ನು ಹೇಳಿದೆ.

ಅವನನ್ನು ಕೂಟಕ್ಕೆ ಕಳಿಸಬೇಡ ಎಂದು ನಾನು ಅಕ್ಕನಿಗೆ ಹೇಳಲಿಲ್ಲ. ಅವರ ಮನೆ, ಅವರ ನಂಬಿಕೆ. ಹುಡುಗನಿಗೂ ಜೊತೆಯವರ ಸಂಗಡ ಹೋಗುವ ಆಸೆ. ಕೂಟದ ಹಿಂದಿನ ದಿನ ಅಮ್ಮನೇ ಅವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ನಾನು ಹೊರಗೆ ಬೈಕು ಒರೆಸುತ್ತಿದ್ದೆ, ಕೇಳಿಸುತ್ತಿತ್ತು.

"ನೋಡು ಮಗ, ಬಂದ್ರೆ ಬರಲಿ. ಬರದಿದ್ರೆ ಬರಲಿಲ್ಲ ಅಂತ ಹೇಳು. ಯಾರು ತಲೆ ಮೇಲೆ ಕೈ ಇಟ್ಟರೂ ಅಷ್ಟೇ. ನಿಮ್ಮ ಮಾಮನ ತರ ಮಾಡಬೇಡ. ಬಂದ್ರೂ ಬರದಿದ್ರೂ ಭಾನುವಾರ ನಾನು ಕೋಳಿ ಕೊಯ್ತೀನಿ."

ಪಾಸ್ಟರಮ್ಮನಿಗೂ ಒಂದು ಮಾತು ಹೇಳಿ ಬಂದಳಂತೆ, ಮಕ್ಕಳನ್ನ ಒಂಬತ್ತು ಗಂಟೆಗೆ ಮಲಗಿಸಿ ಎಂದು. ಅವರು ಏನಂದರು ಎಂದು ನನಗೆ ಹೇಳಲಿಲ್ಲ.

ಮೂರು ದಿನ ಆದ ಮೇಲೆ ಹುಡುಗ ಬ್ಯಾಗು ಹಾಕಿಕೊಂಡು ಬಂದ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಜೋರಾಗಿ ಅಂದ, "ಅಜ್ಜೀ, ಬರಲಿಲ್ಲ!"

ಅಮ್ಮ ಒಲೆಯ ಮುಂದಿದ್ದಳು. "ಕೈಕಾಲು ತೊಳ್ಕೊಂಡು ಬಾ" ಅಂದಳು. ಮಸಾಲೆ ಆಗಲೇ ರುಬ್ಬಿ ಇಟ್ಟಿದ್ದಳು.